ಎಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ ಒಬ್ಬ ದಲ್ಲಾಳಿ

1903ರಲ್ಲಿ ವೋಲ್ಗಾ ನದಿಗೆ ಇಳಿದ ‘ವಾಂಡಾಲ್’ ಎಂಬ ಎಣ್ಣೆ ಹಡಗಿಗೆ ಒಂದು ವಿಚಿತ್ರ ತೊಂದರೆಯಿತ್ತು. ಅದರ ಡೀಸೆಲ್ ಎಂಜಿನ್ನುಗಳು ಒಂದೇ ದಿಕ್ಕಿಗೆ ತಿರುಗುತ್ತಿದ್ದವು. ಕಾರ್ಖಾನೆಯ ಮೂಲೆಯಲ್ಲಿ ಕೂತು ಪಂಪು ತಿರುಗಿಸುವ ಎಂಜಿನ್ನಿಗೆ ಅಷ್ಟು ಸಾಕು. ಹಡಗಿಗೆ ಸಾಲದು. ಹಡಗಿಗೆ ಬ್ರೇಕಿಲ್ಲವಲ್ಲ, ನಿಲ್ಲಬೇಕಾದರೂ ಪ್ರೊಪೆಲ್ಲರನ್ನು ಉಲ್ಟಾ ತಿರುಗಿಸಲೇಬೇಕು. ಅದರಲ್ಲೂ ವಾಂಡಾಲ್ ಹೋಗಬೇಕಿದ್ದದ್ದು ನದಿ ದಾಟಿ, ಕಾಲುವೆ ಹಿಡಿದು, ಒಂದರ ಹಿಂದೊಂದು ಬರುವ ಇಕ್ಕಟ್ಟಾದ ಲಾಕುಗಳೊಳಗೆ (ನೀರು ತುಂಬಿ, ಇಳಿಸಿ ಹಡಗನ್ನು ಮೇಲೆ ಕೆಳಗೆ ಮಾಡುವ ಬಾಗಿಲ ತೊಟ್ಟಿಗಳು) ನುಗ್ಗಿ, ಸೇಂಟ್ ಪೀಟರ್ಸ್‌ಬರ್ಗಿಗೆ. ಹೆಜ್ಜೆಹೆಜ್ಜೆಗೂ ಮುಂದೆ, ಹಿಂದೆ, ನಿಲ್ಲು.

ಹಡಗಿನ ಒಡೆಯರು ಬಾಕುವಿನ ಎಣ್ಣೆ ವ್ಯಾಪಾರದ ನೊಬೆಲ್ ಸಹೋದರರ ಕಂಪನಿ. ಅಲ್ಲಿನ ಕಾರ್ಲ್ ಹಗೆಲಿನ್ ಹಿಡಿದ ದಾರಿ ಹೀಗಿತ್ತು: ತಲಾ 120 ಅಶ್ವಶಕ್ತಿಯ ಮೂರು ಡೀಸೆಲ್ ಎಂಜಿನ್ನುಗಳು ತಮ್ಮ ಪಾಡಿಗೆ ಒಂದೇ ದಿಕ್ಕಿಗೆ ತಿರುಗುತ್ತ ಜನರೇಟರ್ ಓಡಿಸಲಿ, ಆ ಕರೆಂಟು ಹಿಂಬದಿಯ ಮೂರು ಮೋಟಾರುಗಳಿಗೆ ಹೋಗಲಿ, ಮೋಟಾರನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಚುಕ್ಕಾಣಿಯ ಕೋಣೆಯಲ್ಲಿ ಟ್ರಾಮ್ ಚಾಲಕನ ಹಿಡಿಕೆಯಂಥದ್ದೊಂದು ಇತ್ತು. ಅದುವರೆಗೆ ಕ್ಯಾಪ್ಟನ್ ಗಂಟೆ ಬಾರಿಸಿ ಕೆಳಗಿನವರಿಗೆ ಆಜ್ಞೆ ಕೊಡಬೇಕಿತ್ತು, ಅವರು ಕೇಳಿಸಿಕೊಂಡು ಮಾಡಬೇಕಿತ್ತು. ಇಲ್ಲಿ ಅವನೇ ಹಿಡಿಕೆ ತಿರುಗಿಸಿದರೆ ಹಡಗು ಹಿಂದಕ್ಕೆ.

ಪುಕ್ಕಟೆಯಾಗಿ ಮಾತ್ರ ಅಲ್ಲ. ಎಂಜಿನ್ನಿನ ಶಕ್ತಿಯನ್ನು ಕರೆಂಟು ಮಾಡಿ, ಕರೆಂಟನ್ನು ಮತ್ತೆ ತಿರುಗಾಟ ಮಾಡುವಾಗ ಎರಡೂ ಕಡೆ ಒಂದಷ್ಟು ಶಾಖವಾಗಿ ಸೋರಿಹೋಗುತ್ತದೆ. ಎಪಿಎಂಸಿ ಯಾರ್ಡಿನ ದಲ್ಲಾಳಿಯ ಹಾಗೆ: ಮಾರುವವನಿಗೂ ಕೊಳ್ಳುವವನಿಗೂ ಹೊಂದಿಸಿಕೊಡುತ್ತಾನೆ, ನಡುವೆ ಕಮಿಷನ್ ಹಿಡಿಯುತ್ತಾನೆ. ಆ ಕಮಿಷನ್ ನೊಬೆಲ್ ಕಂಪನಿಯವರ ಕಣ್ಣಿಗೂ ಬಿತ್ತು. ಮರುವರ್ಷದ ‘ಸರ್ಮಾತ್’ ಹಡಗಿನಲ್ಲಿ ಮುಂದೆ ಹೋಗುವಾಗ ಎಂಜಿನ್ನನ್ನು ನೇರ ಪ್ರೊಪೆಲ್ಲರ್ ದಂಡಕ್ಕೆ ಜೋಡಿಸಿದರು, ರಿವರ್ಸಿಗೆ ಮಾತ್ರ ವಿದ್ಯುತ್ತು. ಇನ್ನು ಕೆಲವು ವರ್ಷ ಕಳೆಯುವಷ್ಟರಲ್ಲಿ ಎರಡೂ ದಿಕ್ಕಿಗೆ ತಿರುಗುವ ಡೀಸೆಲ್ ಎಂಜಿನ್ನೇ ಬಂತು. ದಲ್ಲಾಳಿಗೆ ಕೆಲಸವೇ ಉಳಿಯಲಿಲ್ಲ.

ಹಡಗಿನ ವಿದ್ಯುತ್ ಚಾಲನೆಯ ಕಥೆಯನ್ನು ಈಗ ಎಲ್ಲರೂ ಬ್ಯಾಟರಿಯ ಕಥೆಯಾಗಿ, ಹೊಗೆ ತಪ್ಪಿಸುವ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಈ ದಲ್ಲಾಳಿಯನ್ನು ಮತ್ತೆ ಮತ್ತೆ ಹೊರಹಾಕಿದ್ದಾರೆ. ಪ್ರತಿ ಸಲವೂ ಅವನು ಬೇರೆಯೇ ಒಂದು ಕೆಲಸ ಹೇಳಿಕೊಂಡು ಒಳಗೆ ಬಂದಿದ್ದಾನೆ. ಒಂದು ಕಾರಣಕ್ಕೆ ಬಂದವನು ಅದೇ ಕಾರಣಕ್ಕೆ ಉಳಿದದ್ದೇ ಇಲ್ಲ.

ನಾನು ಹಡಗಿನಲ್ಲಿ ದುಡಿದವನಲ್ಲ, ಓದಿದ್ದು ಎಲೆಕ್ಟ್ರಿಕಲ್. ನಮ್ಮ ಮೆಷಿನ್ಸ್ ಲ್ಯಾಬಿನಲ್ಲಿ ವಾರ್ಡ್ ಲಿಯೊನಾರ್ಡ್ ಪ್ರಯೋಗ ಅಂತೊಂದು ಇತ್ತು. ಒಂದು ಮೋಟಾರು ಒಂದು ಜನರೇಟರನ್ನು ತಿರುಗಿಸುತ್ತದೆ, ಆ ಜನರೇಟರಿನ ಕರೆಂಟಿನಿಂದ ಇನ್ನೊಂದು ಮೋಟಾರು. ಒಂದು ಮೋಟಾರಿನ ವೇಗ ಬದಲಿಸಲು ಮೂರು ಯಂತ್ರ ಯಾಕೆ ಸಾರ್ ಅಂತ ಕೇಳಿದರೆ ವೈವಾದಲ್ಲಿ ಅಂಕ ಹೋಗುತ್ತದೆ ಅನ್ನುವ ಭಯ. ರೀಡಿಂಗ್ ಬರೆದುಕೊಂಡು ಬರುತ್ತಿದ್ದೆವು. ನೂರಾರು ಹಡಗುಗಳು ದಶಕಗಳ ಕಾಲ ಅದೇ ತತ್ವದ ಮೇಲೆ ಓಡಿದವು ಅಂತ ಆಗ ಯಾರಾದರೂ ಹೇಳಿದ್ದರೆ ಆ ಪ್ರಯೋಗದ ಬಗ್ಗೆ ಸ್ವಲ್ಪ ಪ್ರೀತಿ ಹುಟ್ಟುತ್ತಿತ್ತೇನೋ.

ಬ್ಯಾಟರಿ ದೋಣಿ ವಾಂಡಾಲ್‌ಗಿಂತ ಹಳೆಯದು ನಿಜ. 1838ರಲ್ಲೇ ಮೋರಿಟ್ಸ್ ಯಾಕೋಬಿ ರಷ್ಯಾದ ಚಕ್ರವರ್ತಿಯ ದುಡ್ಡಿನಲ್ಲಿ ನೆವಾ ನದಿಯ ಮೇಲೆ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು ವಿದ್ಯುತ್ ದೋಣಿ ಓಡಿಸಿದ. ಆದರೆ ಅವನ ಬ್ಯಾಟರಿಯಲ್ಲಿ ಉರಿಯುತ್ತಿದ್ದದ್ದು ಸತು. ಕಲ್ಲಿದ್ದಲಿನ ಎದುರು ಸತುವನ್ನು ಇಂಧನವಾಗಿಟ್ಟರೆ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ಅದು ಅಲ್ಲಿಗೇ ನಿಂತಿತು.

ದಲ್ಲಾಳಿಯ ಎರಡನೆಯ ಪ್ರವೇಶಕ್ಕೆ ಕಾರಣ ಸ್ಟೀಮ್ ಟರ್ಬೈನ್, ಹಬೆಯ ರಭಸಕ್ಕೆ ತಿರುಗುವ ಚಕ್ರ. 1897ರಲ್ಲಿ ಎಂಜಿನಿಯರ್ ಪಾರ್ಸನ್ಸ್‌ನ ಟರ್ಬೈನ್ ಹಡಗು ‘ಟರ್ಬಿನಿಯಾ’ ಬ್ರಿಟಿಷ್ ನೌಕಾಪಡೆಯ ಸಾಲುಗಳ ನಡುವೆ ನುಗ್ಗಿ ಓಡಿ ಎಲ್ಲರನ್ನೂ ಬೆಚ್ಚಿಬೀಳಿಸಿದ ಮೇಲೆ ಎಲ್ಲರಿಗೂ ಟರ್ಬೈನೇ ಬೇಕಾಯಿತು. ಆದರೆ ಟರ್ಬೈನ್ ಚೆನ್ನಾಗಿ ಕೆಲಸ ಮಾಡುವುದು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತಿನಲ್ಲಿ. ದೊಡ್ಡ ಪ್ರೊಪೆಲ್ಲರ್ ಚೆನ್ನಾಗಿ ಕೆಲಸ ಮಾಡುವುದು ನೂರು ಚಿಲ್ಲರೆ ಸುತ್ತಿನಲ್ಲಿ. ಅದನ್ನು ವೇಗವಾಗಿ ತಿರುಗಿಸಿದರೆ ನೀರನ್ನು ತಳ್ಳುವ ಬದಲು ಕಡೆದು ನೊರೆ ಮಾಡುತ್ತದೆ. ನಡುವೆ ಗೇರ್ ಬೇಕು. ಸಾವಿರಾರು ಅಶ್ವಶಕ್ತಿ ಹೊರುವ, ಕಿರುಚದ, ಸವೆಯದ ಗೇರಿನ ಹಲ್ಲುಗಳನ್ನು ಅಷ್ಟು ನಿಖರವಾಗಿ ಕೊರೆಯುವ ಯಂತ್ರಗಳು ಆಗ ಎಲ್ಲರ ಬಳಿ ಇರಲಿಲ್ಲ. ಟರ್ಬೈನ್ ಕೂಡ ಒಂದೇ ದಿಕ್ಕಿನದು. ರಿವರ್ಸಿಗೆ ಬೇರೆಯೇ ಒಂದು ಸಣ್ಣ ಟರ್ಬೈನ್ ಇಡಬೇಕಿತ್ತು.

ಅಮೆರಿಕದ ನೌಕಾಪಡೆ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಸುಮಾರು ಒಂದೇ ಗಾತ್ರದ ಕಲ್ಲಿದ್ದಲು ಸಾಗಿಸುವ ಮೂರು ಹಡಗುಗಳಿಗೆ ಮೂರು ಬಗೆಯ ಯಂತ್ರ ಹಾಕಿ ಪಕ್ಕಪಕ್ಕ ತೂಗಿ ನೋಡಿತು. ‘ಸೈಕ್ಲಾಪ್ಸ್’ಗೆ ಹಳೆಯ ಪಿಸ್ಟನ್ ಸ್ಟೀಮ್ ಎಂಜಿನ್, ‘ನೆಪ್ಚೂನ್’ಗೆ ಗೇರಿನ ಟರ್ಬೈನ್, 1913ರಲ್ಲಿ ಸೇವೆಗೆ ಬಂದ ‘ಜುಪಿಟರ್’ಗೆ ವಿದ್ಯುತ್ತು. (ಸೈಕ್ಲಾಪ್ಸ್ 1918ರಲ್ಲಿ 306 ಜನರೊಂದಿಗೆ ಅಟ್ಲಾಂಟಿಕ್‌ನಲ್ಲಿ ಮಾಯವಾಯಿತು, ಇವತ್ತಿಗೂ ಸುಳಿವಿಲ್ಲ. ಅದರ ಹೆಸರು ಈಗ ಉಳಿದಿರುವುದು ಬರ್ಮುಡಾ ಟ್ರಯಾಂಗಲ್ ಪುರಾಣಗಳಲ್ಲಿ. ಯಂತ್ರದ ಹೋಲಿಕೆ ಯಾರಿಗೂ ನೆನಪಿಲ್ಲ.)

ಜುಪಿಟರಿನ ಹಿಂದೆ ಇದ್ದವನು ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಲೆ ರಾಯ್ ಎಮೆಟ್. ಅವನ ಯುಕ್ತಿ ಎಲೆಕ್ಟ್ರಿಕಲ್ ಓದಿದವರಿಗೆ ತಕ್ಷಣ ಹಿಡಿಸುತ್ತದೆ. ಜನರೇಟರಿಗೆ ಎರಡು ಕಾಂತಧ್ರುವ, ಮೋಟಾರಿಗೆ ಮೂವತ್ತಾರು. ಒಂದೇ ಫ್ರೀಕ್ವೆನ್ಸಿಯ ಕರೆಂಟಿನಲ್ಲಿ ಧ್ರುವ ಹೆಚ್ಚಾದಷ್ಟೂ ಮೋಟಾರು ನಿಧಾನ. ಹಾಗಾಗಿ ಟರ್ಬೈನ್ ಸುಮಾರು ಎರಡು ಸಾವಿರ ಸುತ್ತು ತಿರುಗಿದರೆ ಪ್ರೊಪೆಲ್ಲರ್ ನೂರಹತ್ತರ ಆಸುಪಾಸು. ಹದಿನೆಂಟಕ್ಕೆ ಒಂದರ ಗೇರು, ಆದರೆ ಒಂದು ಹಲ್ಲೂ ಇಲ್ಲ. ಸವೆಯಲು ಏನೂ ಇಲ್ಲ. ಎರಡು ತಂತಿ ಅದಲುಬದಲು ಮಾಡಿದರೆ ರಿವರ್ಸ್, ಅದೂ ಪೂರ್ತಿ ಶಕ್ತಿಯಲ್ಲಿ. ಜುಪಿಟರ್ ಮುಂದೆ ತಲೆಯ ಮೇಲೊಂದು ಮರದ ಅಟ್ಟ ಹೊತ್ತು, ಹೆಸರು ಬದಲಿಸಿಕೊಂಡು, 1922ರಲ್ಲಿ ‘ಲ್ಯಾಂಗ್ಲಿ’ ಎಂಬ ಅಮೆರಿಕದ ಮೊದಲ ವಿಮಾನವಾಹಕವಾಯಿತು. 1942ರ ಫೆಬ್ರವರಿಯಲ್ಲಿ ಜಾವಾದ ದಕ್ಷಿಣಕ್ಕೆ ಜಪಾನೀ ವಿಮಾನಗಳ ದಾಳಿಗೆ ಸಿಕ್ಕಿತು.

ಅದರ ನಂತರ ಬಂದ ‘ಲೆಕ್ಸಿಂಗ್ಟನ್’ ಮತ್ತು ‘ಸಾರಟೋಗ’ ವಿಮಾನವಾಹಕಗಳು ಈ ಪದ್ಧತಿಯ ದೈತ್ಯರು. ನಾಲ್ಕು ಟರ್ಬೋ ಜನರೇಟರು, ಎಂಟು ಮೋಟಾರು, ಒಟ್ಟು 1,80,000 ಅಶ್ವಶಕ್ತಿ. ಲೆಕ್ಸಿಂಗ್ಟನ್ನಿನ ಒಂದು ಪ್ರಸಂಗ ನನಗೆ ಬಹಳ ಇಷ್ಟ. 1929ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮ ನಗರಕ್ಕೆ ಮಳೆ ಕೈಕೊಟ್ಟಿತು. ನಗರದ ವಿದ್ಯುತ್ತೆಲ್ಲ ಅಣೆಕಟ್ಟುಗಳಿಂದ ಬರುತ್ತಿದ್ದದ್ದು; ಜಲಾಶಯ ತಳ ಕಂಡಿತು. ನಗರದವರು ನೌಕಾಪಡೆಯನ್ನು ಕೇಳಿಕೊಂಡರು. ಡಿಸೆಂಬರಿನಲ್ಲಿ ಲೆಕ್ಸಿಂಗ್ಟನ್ ಬಂದು ಟಕೋಮದ ಧಕ್ಕೆಗೆ ಹಗ್ಗ ಕಟ್ಟಿ, ದಡಕ್ಕೆ ಕೇಬಲ್ ಎಳೆದು, ಜನವರಿಯ ಮಧ್ಯದವರೆಗೆ ಸುಮಾರು ಒಂದು ತಿಂಗಳು ಊರಿಗೆ ಕರೆಂಟು ಕೊಟ್ಟಿತು. 40 ಲಕ್ಷ ಯೂನಿಟ್‌ಗೂ ಹೆಚ್ಚು. ಗೇರಿನ ಹಡಗು ಇದನ್ನು ಮಾಡಲಾರದು. ಅದರ ಶಕ್ತಿಯೆಲ್ಲ ದಂಡದ ತುದಿಯಲ್ಲಿ, ಪ್ರೊಪೆಲ್ಲರಿನಲ್ಲಿ ಮುಗಿಯುತ್ತದೆ. ವಿದ್ಯುತ್ ಹಡಗಿನಲ್ಲಿ ಶಕ್ತಿ ಮೊದಲು ಒಂದು ಸ್ವಿಚ್‌ಬೋರ್ಡಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಎಲ್ಲಿಗೆ ಕಳಿಸಬೇಕು ಅನ್ನುವುದು ನಮಗೆ ಬಿಟ್ಟದ್ದು.

ನಮ್ಮ ಮಂಗಳೂರಿನವರಿಗೆ ನೀರಿನ ಮೇಲಿನ ಪವರ್ ಹೌಸ್ ಹೊಸ ಸಂಗತಿಯಲ್ಲ. ತಣ್ಣೀರುಬಾವಿಯಲ್ಲಿ ಗುರುಪುರ ನದಿಯ ದಡಕ್ಕೆ ಬಾರ್ಜುಗಳ ಮೇಲೆ ಕೂರಿಸಿದ 220 ಮೆಗಾವ್ಯಾಟ್‌ನ ನಾಫ್ತಾ ಸ್ಥಾವರ 2001ರಿಂದ ಕೆಲವು ವರ್ಷ ರಾಜ್ಯಕ್ಕೆ ಕರೆಂಟು ಕೊಟ್ಟಿತು, ದುಬಾರಿ ದರದಲ್ಲಿ. ಆಮೇಲೆ ಬಾರ್ಜುಗಳು ಕಾಕಿನಾಡಕ್ಕೆ ಹೊರಟುಹೋದವು. ಅದು ತಾನಾಗಿ ಓಡುವ ಹಡಗಲ್ಲ ನಿಜ. ಆದರೆ ಟಕೋಮದ ಕಥೆ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಭಾರತಕ್ಕೆ ಈ ತಂತ್ರಜ್ಞಾನ ಬಂದದ್ದು ಪ್ರಯಾಣಿಕರ ಹಡಗಾಗಿ. ಪಿ ಅಂಡ್ ಓ ಕಂಪನಿಯ ‘ವೈಸ್‌ರಾಯ್ ಆಫ್ ಇಂಡಿಯಾ’ 1929ರಲ್ಲಿ ಲಂಡನ್–ಬೊಂಬಾಯಿ ದಾರಿಗೆ ಇಳಿಯಿತು. ಮೊದಲು ‘ತಾಜ್ ಮಹಲ್’ ಅಂತ ಹೆಸರಿಡುವ ಯೋಚನೆಯಿತ್ತು. ಈ ದಾರಿಗೆ ವಿದ್ಯುತ್ತು ಯಾಕೆ ಹೊಂದಿತು ಅನ್ನುವುದರಲ್ಲಿ ಸ್ವಾರಸ್ಯವಿದೆ. ಸೂಯೆಜ್ ಕಾಲುವೆಯಲ್ಲಿ ಆಮೆಯಂತೆ ತೆವಳಬೇಕು, ತೆರೆದ ಸಮುದ್ರದಲ್ಲಿ ಓಡಬೇಕು. ಎರಡು ಟರ್ಬೋ ಜನರೇಟರುಗಳಲ್ಲಿ ಒಂದನ್ನು ಆರಿಸಿ, ಇನ್ನೊಂದರಿಂದಲೇ ಎರಡೂ ಮೋಟಾರುಗಳನ್ನು ನಡೆಸಬಹುದಿತ್ತು. ಜೊತೆಗೆ ಗೇರಿನ ಕಿರುಚಾಟವಿಲ್ಲ. ಅಷ್ಟು ದುಡ್ಡು ಕೊಟ್ಟು ಮೊದಲ ದರ್ಜೆಯಲ್ಲಿ ಮಲಗುವ ಸಾಹೇಬರಿಗೆ ನಿದ್ದೆ. ಆ ಹಡಗನ್ನು 1942ರಲ್ಲಿ ಅಲ್ಜೀರಿಯಾದ ಓರಾನ್ ಬಳಿ ಜರ್ಮನ್ ಸಬ್‌ಮರೀನ್ ಒಂದು ಮುಳುಗಿಸಿತು. ಮುಳುಗಿಸಿದ್ದೂ ವಿದ್ಯುತ್ ಹಡಗೇ: ನೀರೊಳಗೆ ಬ್ಯಾಟರಿಯಲ್ಲಿ ಓಡಿ, ಮೇಲೆ ಬಂದು ಡೀಸೆಲ್ಲಿನಿಂದ ಚಾರ್ಜ್ ಮಾಡಿಕೊಳ್ಳುವ ಜಾತಿ. ಅಲ್ಲಿ ಮಾತ್ರ ದಲ್ಲಾಳಿಯನ್ನು ಯಾರೂ ಅಲುಗಾಡಿಸಲಾಗಲಿಲ್ಲ, ನೀರಿನೊಳಗೆ ಡೀಸೆಲ್ಲಿಗೆ ಉಸಿರಾಡಲು ಗಾಳಿಯಿಲ್ಲವಲ್ಲ.

ಪಿ ಅಂಡ್ ಓ ಇನ್ನೆರಡು ಹಡಗುಗಳಿಗೂ ವಿದ್ಯುತ್ತು ಹಾಕಿಸಿತು. 1935ರ ‘ಸ್ಟ್ರಾತ್‌ಮೋರ್’ ಬರುವಷ್ಟರಲ್ಲಿ ಮತ್ತೆ ಗೇರಿಗೆ ಮರಳಿತು. ಅದೇ ವರ್ಷ ಫ್ರಾನ್ಸಿನ ‘ನಾರ್ಮಂಡಿ’ 1,60,000 ಅಶ್ವಶಕ್ತಿಯ ವಿದ್ಯುತ್ ಮೋಟಾರುಗಳಲ್ಲಿ ಅಟ್ಲಾಂಟಿಕ್ ದಾಟಿ ದಾಖಲೆ ಮಾಡಿತ್ತು. ಮರುವರ್ಷವೇ ಗೇರಿನ ‘ಕ್ವೀನ್ ಮೇರಿ’ ಅದನ್ನು ಕಿತ್ತುಕೊಂಡಿತು. ಗೇರು ಕೊರೆಯುವವರು ಈ ಇಪ್ಪತ್ತು ವರ್ಷ ಸುಮ್ಮನೆ ಕೂತಿರಲಿಲ್ಲ. ಹಗುರ, ಅಗ್ಗ, ನಷ್ಟ ನೂರಕ್ಕೆ ಎರಡೋ ಮೂರೋ. ಮೋಟಾರು ಜನರೇಟರುಗಳ ತಾಮ್ರ ಉಕ್ಕಿನ ತೂಕದ ಎದುರು ವಾದಿಸಲು ಏನೂ ಉಳಿಯಲಿಲ್ಲ. ಎರಡನೆಯ ಯುದ್ಧದಲ್ಲಿ ಗೇರಿನ ಕಾರ್ಖಾನೆಗಳಿಗೆ ಬಿಡುವಿಲ್ಲದಾಗ ಅಮೆರಿಕ ಸುಮಾರು 480 ಟಿ-2 ಟ್ಯಾಂಕರುಗಳಿಗೆ ಟರ್ಬೋ ಎಲೆಕ್ಟ್ರಿಕ್ ಹಾಕಿತು. ಅದು ಮೆಚ್ಚಿ ತಂದದ್ದಲ್ಲ, ಬೇರೆ ಗತಿಯಿಲ್ಲದೆ ತಂದದ್ದು. ಯುದ್ಧ ಮುಗಿದ ಮೇಲೆ ಹಿಮ ಒಡೆಯುವ ಹಡಗು, ಸಬ್‌ಮರೀನ್, ಹೀಗೆ ಕೆಲವು ಮೂಲೆಗಳಲ್ಲಿ ಮಾತ್ರ ಉಳಿಯಿತು. ಹಿಮದಲ್ಲಿ ಪ್ರೊಪೆಲ್ಲರ್ ಸಿಕ್ಕಿಕೊಂಡು ನಿಂತರೂ ಡಿಸಿ (ನೇರ ವಿದ್ಯುತ್ತಿನ) ಮೋಟಾರು ಪೂರ್ತಿ ಬಲ ಹಾಕಿ ಒದ್ದಾಡುತ್ತದೆ, ಡೀಸೆಲ್ ಎಂಜಿನ್ನಾದರೆ ಆರಿಹೋಗುತ್ತದೆ. ಸ್ವೀಡನ್ನಿನ ‘ಯ್ಮೆರ್’ 1933ರಿಂದಲೇ ಇದನ್ನು ತೋರಿಸಿತ್ತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ವಿದ್ಯುತ್ತಿನ ಅಭಿಮಾನಿಗಳು ಇದನ್ನು ನುಂಗಿಹಾಕುತ್ತಾರೆ. ಇವತ್ತಿಗೂ ಸಾಗರ ದಾಟುವ ದೊಡ್ಡ ಕಂಟೇನರ್ ಹಡಗುಗಳಲ್ಲಿ ಗೇರೂ ಇಲ್ಲ, ವಿದ್ಯುತ್ತೂ ಇಲ್ಲ. ಮೂರು ಮಹಡಿ ಎತ್ತರದ ನಿಧಾನಗತಿಯ ಡೀಸೆಲ್ ಎಂಜಿನ್ ನೇರ ಪ್ರೊಪೆಲ್ಲರಿಗೆ ಜೋಡಿಸಿರುತ್ತದೆ, ಇಬ್ಬರಿಗೂ ಬೇಕಾದ ವೇಗ ಒಂದೇ. ವಾರಗಟ್ಟಲೆ ಒಂದೇ ವೇಗದಲ್ಲಿ ಹೋಗುವ ಹಡಗಿಗೆ ದಲ್ಲಾಳಿ ಬೇಡ. ಅಲ್ಲಿ ನೂರಕ್ಕೆ ಎಂಟು ಹತ್ತರಷ್ಟು ಕಮಿಷನ್ ಕೊಡುವುದು ದಡ್ಡತನ.

ಹಾಗಿದ್ದರೆ ಮತ್ತೆ ಬಂದದ್ದು ಯಾಕೆ? ಹವಾನಿಯಂತ್ರಣದಿಂದ ಅಂದರೆ ಅರ್ಧ ಸತ್ಯ. ಪ್ರವಾಸಿ ಹಡಗು ಅನ್ನುವುದು ತೇಲುವ ಹೋಟೆಲು. ಅಡುಗೆಮನೆ, ಎಸಿ, ದೀಪ, ನೀರು, ಲಾಂಡ್ರಿ, ಇವಕ್ಕೇ ಮೆಗಾವ್ಯಾಟ್‌ಗಟ್ಟಲೆ ಕರೆಂಟು ಬೇಕು, ಹಡಗು ನಿಂತಿದ್ದರೂ ಬೇಕು. ಅದಕ್ಕೆ ಬೇರೆ ಜನರೇಟರು, ಓಟಕ್ಕೆ ಬೇರೆ ಎಂಜಿನ್ನು ಯಾಕೆ ಇಡಬೇಕು? ಎಲ್ಲವನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಕಟ್ಟಿ, ಎಷ್ಟು ಲೋಡಿದೆಯೋ ಅಷ್ಟು ಎಂಜಿನ್ ಹಚ್ಚಿದರೆ ಪ್ರತಿಯೊಂದೂ ತನಗೆ ಹಿತವಾದ ಲೋಡಿನಲ್ಲಿ ಓಡುತ್ತದೆ, ಕಮಿಷನ್ ಕೊಟ್ಟ ಮೇಲೂ ಎಣ್ಣೆ ಉಳಿಯುತ್ತದೆ. ಸತ್ಯದ ಇನ್ನರ್ಧ ಥೈರಿಸ್ಟರ್, ದೊಡ್ಡ ಕರೆಂಟನ್ನು ಹತೋಟಿಯಲ್ಲಿಡುವ ಸೆಮಿಕಂಡಕ್ಟರ್ ಸ್ವಿಚ್ಚು. ಅದುವರೆಗೆ ಎಸಿ (ಪರ್ಯಾಯ ವಿದ್ಯುತ್ತಿನ) ಮೋಟಾರಿನ ವೇಗ ಬದಲಿಸಲು ಟರ್ಬೈನಿನ ವೇಗವನ್ನೇ ಬದಲಿಸಬೇಕಿತ್ತು. ಪವರ್ ಎಲೆಕ್ಟ್ರಾನಿಕ್ಸ್ ಬಂದ ಮೇಲೆ ಜನರೇಟರು ಒಂದೇ ಫ್ರೀಕ್ವೆನ್ಸಿಯಲ್ಲಿ ಓಡಲಿ, ಮೋಟಾರಿಗೆ ಬೇಕಾದ ಫ್ರೀಕ್ವೆನ್ಸಿ ನಡುವೆ ತಯಾರಾಗಲಿ ಅನ್ನುವಂತಾಯಿತು.

‘ಕ್ಯೂಇ2’ (ಕ್ವೀನ್ ಎಲಿಜಬೆತ್ 2) ಎಂಬ ಬ್ರಿಟನ್ನಿನ ಪ್ರಯಾಣಿಕರ ಹಡಗನ್ನು 1986–87ರಲ್ಲಿ ಜರ್ಮನಿಯ ಬ್ರೆಮರ್‌ಹಾವನ್‌ಗೆ ಒಯ್ದು ಹೊಟ್ಟೆ ಬಗೆದು, ಸ್ಟೀಮ್ ಯಂತ್ರಗಳನ್ನೆಲ್ಲ ಕಿತ್ತು, ಒಂಬತ್ತು ಡೀಸೆಲ್ ಜನರೇಟರು ಮತ್ತು ತಲಾ 44 ಮೆಗಾವ್ಯಾಟ್‌ನ ಎರಡು ಮೋಟಾರು ಕೂರಿಸಿದ್ದು ಈ ಹೊಸ ಕಾಲದ ಜಾಹೀರಾತಾಯಿತು. ಆಮೇಲೆ ಫಿನ್ಲೆಂಡಿನವರು ಮೋಟಾರನ್ನೇ ಹಡಗಿನಿಂದ ಹೊರಗೆ ತೆಗೆದರು. ಹಡಗಿನ ಕೆಳಗೆ ನೇತಾಡುವ ಒಂದು ಗೂಡಿನೊಳಗೆ ಮೋಟಾರು, ಅದರ ತುದಿಗೆ ಪ್ರೊಪೆಲ್ಲರ್, ಇಡೀ ಗೂಡು ಸುತ್ತಲೂ ತಿರುಗುತ್ತದೆ, ಚುಕ್ಕಾಣಿ ಬೇಡ. 1990ರಲ್ಲಿ ‘ಸೇಲಿ’ ಎಂಬ ಸಣ್ಣ ಕೆಲಸದ ಹಡಗಿಗೆ ಹಾಕಿ ನೋಡಿದ ಈ ಗೂಡು, ಹೆಸರು ಅಜಿಪಾಡ್, 1998ರ ಹೊತ್ತಿಗೆ ‘ಎಲೇಶನ್’ ಪ್ರವಾಸಿ ಹಡಗಿಗೆ ಬಂತು. 2002ರ ಸುಮಾರಿಗೆ ಬಂದ ಫಿನ್ಲೆಂಡಿನ ‘ಟೆಂಪೆರಾ’, ‘ಮಾಸ್ಟೆರಾ’ ಟ್ಯಾಂಕರುಗಳಂತೂ ತೆರೆದ ನೀರಿನಲ್ಲಿ ಮುಖ ಮುಂದಾಗಿ ಹೋಗುತ್ತವೆ, ದಪ್ಪ ಹಿಮ ಸಿಕ್ಕರೆ ತಿರುಗಿ ಬೆನ್ನು ಮುಂದಾಗಿ ಹಿಮ ಒಡೆಯುತ್ತವೆ. ಪ್ರೊಪೆಲ್ಲರನ್ನು ಉದ್ದನೆಯ ದಂಡವೊಂದು ಎಂಜಿನ್ನಿಗೆ ಕಟ್ಟಿಹಾಕಿದ್ದಷ್ಟು ಕಾಲ ಯಾರಿಗೂ ಇಂಥ ಹಡಗಿನ ಯೋಚನೆಯೇ ಬರುವಂತಿರಲಿಲ್ಲ.

ದಲ್ಲಾಳಿಯ ಕೈಗೇ ಎಲ್ಲವನ್ನೂ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಟೈಪ್ 45 ಯುದ್ಧನೌಕೆಗಳಿವೆ. ರಾಡಾರಿಗೂ ಓಟಕ್ಕೂ ಒಂದೇ ಕರೆಂಟು. ಅವುಗಳ ಗ್ಯಾಸ್ ಟರ್ಬೈನಿನ ಶಾಖ ಮರುಬಳಸುವ ಭಾಗ ಬೆಚ್ಚಗಿನ ಸಮುದ್ರಗಳಲ್ಲಿ ಸೋತಿತು. ಟರ್ಬೈನ್ ಕುಸಿದಾಗ ಜೊತೆಗಿದ್ದ ಎರಡು ಸಣ್ಣ ಡೀಸೆಲ್ ಜನರೇಟರುಗಳಿಗೆ ಲೋಡು ಹೊರಲಾಗದೆ ಇಡೀ ಹಡಗಿಗೆ ಹಡಗೇ ಕತ್ತಲಾಗುತ್ತಿತ್ತು. ಈಗ ಅವಕ್ಕೆ ಮೂರು ದೊಡ್ಡ ಡೀಸೆಲ್ ಹಾಕಿ ಸರಿಪಡಿಸುತ್ತಿದ್ದಾರೆ. 2024ರ ನವೆಂಬರಿನಲ್ಲಿ ಭಾರತ ಮತ್ತು ಬ್ರಿಟನ್ ನಮ್ಮ ನೌಕಾಪಡೆಗೆ ವಿದ್ಯುತ್ ಚಾಲನೆಯ ವ್ಯವಸ್ಥೆ ರೂಪಿಸಲು ಕೈಜೋಡಿಸುವ ಪತ್ರಕ್ಕೆ ಸಹಿ ಹಾಕಿವೆ. ಅವರು ಬಿದ್ದು ಕಲಿತ ಪಾಠ ನಮಗೆ ಬೀಳದೆ ಸಿಗುವುದಾದರೆ ಒಳ್ಳೆಯ ವ್ಯವಹಾರ. ನಮ್ಮ ಸಮುದ್ರಗಳೆಲ್ಲ ಬೆಚ್ಚಗಿನವೇ.

ಬ್ಯಾಟರಿ ಬಂದದ್ದು ಇಷ್ಟೆಲ್ಲ ಆದ ಮೇಲೆ. ನಾರ್ವೆಯ ‘ಆಂಪೇರ್’ ಹಡಗು 2015ರಲ್ಲಿ ಸೋನೆಫ್ಯೋರ್ಡ್ ಎಂಬ ಕಡಲ ಕವಲನ್ನು ದಾಟಿಸಲು ಶುರುಮಾಡಿತು: ಸುಮಾರು ಆರು ಕಿಲೋಮೀಟರು, ಇಪ್ಪತ್ತು ನಿಮಿಷ, 120 ಕಾರು, ಒಂದು ಮೆಗಾವ್ಯಾಟ್-ಅವರ್ ಬ್ಯಾಟರಿ. ಹಡಗಿನಲ್ಲಿ ಕಷ್ಟವೇನೂ ಇರಲಿಲ್ಲ. ಕಷ್ಟವಿದ್ದದ್ದು ದಡದಲ್ಲಿ. ಎರಡೂ ಬದಿ ಸಣ್ಣ ಹಳ್ಳಿಗಳು. ಹತ್ತು ನಿಮಿಷದಲ್ಲಿ ಹಡಗಿಗೆ ಬೇಕಾದಷ್ಟು ಕರೆಂಟು ಎಳೆದರೆ ಊರಿನ ಲೈನೇ ಕುಸಿಯುತ್ತಿತ್ತು. ಹಾಗಾಗಿ ಎರಡೂ ದಡಗಳಲ್ಲಿ ಇನ್ನೊಂದೊಂದು ಬ್ಯಾಟರಿ ಇಟ್ಟರು. ಹಡಗು ಇಲ್ಲದಾಗ ಅದು ನಿಧಾನವಾಗಿ ತುಂಬಿಕೊಳ್ಳುತ್ತದೆ, ಬಂದಾಗ ಒಮ್ಮೆಲೇ ಸುರಿಯುತ್ತದೆ. ಕೊಚ್ಚಿಯಲ್ಲಿ 2023ರಲ್ಲಿ ಶುರುವಾದ ವಾಟರ್ ಮೆಟ್ರೋ ದೋಣಿಗಳದ್ದೂ ಇಂಥದೇ ಲೆಕ್ಕ: ಸಣ್ಣ ದೂರ, ಗೊತ್ತಾದ ವೇಳೆ, ನಿಲ್ದಾಣದಲ್ಲಿ ನಿಂತಾಗ ಒಂದಿಷ್ಟು ಚಾರ್ಜು.

ಆ ದೋಣಿಗಳನ್ನು ಕಟ್ಟಿದ ಕೊಚ್ಚಿನ್ ಶಿಪ್‌ಯಾರ್ಡಿನದೇ ಕೂಸು ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಅಲ್ಲಿ ನಾರ್ವೆಯ ವಿಲ್ಸನ್ ಕಂಪನಿಗಾಗಿ 3,800 ಟನ್ನಿನ ಆರು ಸರಕು ಹಡಗುಗಳಿಗೆ 2023ರಲ್ಲಿ ಒಪ್ಪಂದವಾಯಿತು. ಯುರೋಪಿನ ಕರಾವಳಿಯಲ್ಲಿ ಓಡಾಡುವ, ಡೀಸೆಲ್-ಎಲೆಕ್ಟ್ರಿಕ್ ಹಡಗುಗಳು. ಇಷ್ಟು ಸಣ್ಣ ಸರಕು ಹಡಗಿಗೆ ಕಮಿಷನ್ ಕೊಟ್ಟು ವಿದ್ಯುತ್ತು ಯಾಕೆ? ಬಂದರಿನಿಂದ ಬಂದರಿಗೆ ಹೋಗುವ ಹಡಗಿನ ವೇಗ ಗಳಿಗೆಗೊಂದು. ಅದಕ್ಕಿಂತ ದೊಡ್ಡ ಕಾರಣ, ಹಡಗಿನ ಆಯಸ್ಸು ಇಪ್ಪತ್ತೈದು ಮೂವತ್ತು ವರ್ಷ, ಅಷ್ಟು ವರ್ಷದಲ್ಲಿ ಇಂಧನ ಯಾವುದಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಮೋಟಾರಿಗೆ ಕರೆಂಟು ಬಂದರಾಯಿತು; ಅದು ಡೀಸೆಲ್ಲಿನದೋ, ಮೆಥನಾಲಿನದೋ, ಬ್ಯಾಟರಿಯದೋ ಅಂತ ಅದು ಕೇಳುವುದಿಲ್ಲ. ದಲ್ಲಾಳಿ ಈ ಸಲ ಒಳಗೆ ಬಂದಿರುವುದು ಈ ಕೆಲಸ ಹೇಳಿಕೊಂಡು.

ಅದೇ ಮಲ್ಪೆಯ ಮೀನುಗಾರಿಕೆ ದೋಣಿಗಳಿಗೆ? ಒಮ್ಮೆ ಹೋದರೆ ಎಂಟು ಹತ್ತು ದಿನ ಬಾರದ ಟ್ರಾಲ್ ಬೋಟಿಗೆ ಬ್ಯಾಟರಿಯ ಮಾತೇ ಬೇಡ. ಅದೇ ದಿನ ವಾಪಸಾಗುವ ನಾಡದೋಣಿಗಳಿಗೆ ಆಗಬಹುದು ಅಂತ ಆಸೆಪಡುವವರಲ್ಲಿ ನಾನೂ ಒಬ್ಬ. ಸಬ್ಸಿಡಿ ಸೀಮೆಎಣ್ಣೆಗಾಗಿ ಅವರು ಕಾಯುವ ಪಾಡು ಕರಾವಳಿಯವರಿಗೆಲ್ಲ ಗೊತ್ತಿರುವುದೇ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು ಮೊದಲು ಹುಟ್ಟಿದ್ದೂ ವಿದ್ಯುತ್ತಿನದಾಗಿಯೇ, 1881ರಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಗುಸ್ತಾವ್ ಟ್ರೂವೆಯ ಕೈಯಲ್ಲಿ. ಆದರೆ ಲೆಕ್ಕ ಹಾಕಿ ನೋಡಿ. ಹತ್ತು ಅಶ್ವಶಕ್ತಿಯ ಮೋಟಾರು ಪೂರ್ತಿ ಲೋಡಿನಲ್ಲಿ ಎರಡು ಗಂಟೆ ಓಡಿದರೆ ಹದಿನೈದು ಯೂನಿಟ್. ಕಿಲೋಗೆ 150 ವ್ಯಾಟ್-ಅವರ್ ಹಿಡಿದರೂ ಬ್ಯಾಟರಿಯ ತೂಕ ನೂರು ಕಿಲೋ. ಅದೇ ಕೆಲಸಕ್ಕೆ ಸೀಮೆಎಣ್ಣೆ ಎಂಟೊಂಬತ್ತು ಲೀಟರು ಸಾಕು, ಒಂದು ಕ್ಯಾನಿನಲ್ಲಿ ಹಿಡಿಸುತ್ತದೆ. ನಾಡದೋಣಿಗೆ ಧಕ್ಕೆಯೇ ಬೇಕೆಂದಿಲ್ಲ, ಎಷ್ಟೋ ಕಡೆ ಮರಳಿನ ಮೇಲೆ ಎಳೆದು ಹಾಕುತ್ತಾರೆ. ಅಲ್ಲಿ ಚಾರ್ಜಿಂಗ್ ಪಾಯಿಂಟ್ ಎಲ್ಲಿ ನೆಡುವುದು, ಮಳೆಗಾಲದ ಕಡಲು ಅದನ್ನು ಎಷ್ಟು ದಿನ ಉಳಿಸೀತು ಅನ್ನುವುದು ಬೇರೆ. ಮೊದಲಿಗೆ ದಿನಾ ಬೆಳಗ್ಗೆ ದೋಣಿ ನೂಕುವವರ ಹತ್ತಿರ, ಇನ್ನೊಂದು ನೂರು ಕಿಲೋ ಆದೀತಾ ಅಂತ ಕೇಳಬೇಕು.